ಮದ್ದಿಗೆ ಮಣಿಯದ ವಿಷಾದ: ಕೆಟಮಿನ್ ಔಷಧದ ಚರಿತ್ರೆ

೧

ಸಂಸ್ಕೃತದ 'ವಿಷಾದ' ಶಬ್ದವು 'ಸದ್' ಎಂಬ ಧಾತುವಿನಿಂದ ಹುಟ್ಟಿದುದು. ಆ ಧಾತುವಿಗೆ ಕುಳಿತುಕೊಳ್ಳು, ಕುಸಿ, ಕುಗ್ಗು ಎಂಬ ಅರ್ಥಗಳುಂಟು. ಪಾಶ್ಚಾತ್ಯ ವೈದ್ಯರು ಈ ವ್ಯಾಧಿಗೆ ಇಟ್ಟಿರುವ 'ಡಿಪ್ರೆಷನ್' ಎಂಬ ಹೆಸರಿಗೂ ಲ್ಯಾಟಿನ್ ಮೂಲದಲ್ಲಿ ಕೆಳಕ್ಕೆ ಅದುಮುವಿಕೆ ಎಂದೇ ಅರ್ಥ. ಈಗಿನ ಕನ್ನಡದಲ್ಲಿ ಅದನ್ನು ಖಿನ್ನತೆಯೆಂದು ಕರೆಯುತ್ತಾರೆ. ಹೆಸರು ಯಾವುದಾದರೂ ಲಕ್ಷಣ ಒಂದೇ. ಈ ವ್ಯಾಧಿಗೆ ಸಿಕ್ಕಿದವನು ಅಳುವುದಕ್ಕಿಂತ ಹೆಚ್ಚಾಗಿ ಕುಸಿಯುತ್ತಾನೆ. ಊಟ ರುಚಿಸುವುದಿಲ್ಲ; ನಿದ್ರೆಯು ನಡುರಾತ್ರಿಯಲ್ಲಿಯೇ ಮುಗಿದುಹೋಗುತ್ತದೆ; ಮಕ್ಕಳ ಮಾತು ಕಿವಿಗೆ ಬಿದ್ದರೂ ಹೃದಯಕ್ಕೆ ತಟ್ಟುವುದಿಲ್ಲ; ಹಾಸಿಗೆಯಿಂದ ಎದ್ದು ಮುಖ ತೊಳೆಯುವುದೂ ಬೆಟ್ಟವನ್ನು ಹತ್ತಿದಂತೆ ತೋರುತ್ತದೆ. ಕೊನೆಗೆ ಬದುಕಿರುವುದೇ ಬೇಡವೆಂಬ ಬುದ್ಧಿ ಹುಟ್ಟುವುದೂ ಉಂಟು.

ಬಂಧುವಿಯೋಗದಿಂದಲೋ ಧನನಾಶದಿಂದಲೋ ಬರುವ ಶೋಕ ಬೇರೆ, ಈ ವ್ಯಾಧಿ ಬೇರೆ. ಶೋಕದ ಕಾರಣವು ಕಣ್ಣಿಗೆ ಕಾಣುತ್ತದೆ; ಕಾಲಕ್ರಮದಲ್ಲಿ ಅದು ಶಮನವನ್ನೂ ಹೊಂದುತ್ತದೆ. ಖಿನ್ನತೆಯು ಕಾರಣವಿದ್ದೂ ಬರಬಹುದು, ಇಲ್ಲದೆಯೂ ಬರಬಹುದು; ಬಂದರೆ ತಿಂಗಳುಗಟ್ಟಲೆ ಬಿಡದಿರಬಹುದು. ಚರಕಸಂಹಿತೆಯು ವಿಷಾದವನ್ನು ವಾತವಿಕಾರಗಳ ಪಟ್ಟಿಯಲ್ಲಿ ಸೇರಿಸಿರುವುದಲ್ಲದೆ, ರೋಗವನ್ನು ಬೆಳೆಸತಕ್ಕವುಗಳಲ್ಲಿ ಅದಕ್ಕೆ ಅಗ್ರಸ್ಥಾನವನ್ನು ಕೊಟ್ಟಿದೆ. ಪ್ರಾಚೀನರು ಇದನ್ನು ಸೋಮಾರಿತನವೆಂದಾಗಲಿ ಅಧೈರ್ಯವೆಂದಾಗಲಿ ತಳ್ಳಿಹಾಕದೆ, ವೈದ್ಯನು ವಿಚಾರಿಸತಕ್ಕ ವಿಷಯವೆಂದೇ ಎಣಿಸಿದರು. ಇಂದು ವಿದ್ಯಾವಂತರ ಮನೆಗಳಲ್ಲಿಯೂ 'ಮನಸ್ಸನ್ನು ಗಟ್ಟಿಮಾಡಿಕೊ' ಎಂಬ ಉಪದೇಶವೊಂದೇ ರೋಗಿಯ ಪಾಲಿಗೆ ಬರುವುದನ್ನು ನೋಡಿದರೆ, ಈ ವಿಷಯದಲ್ಲಿ ಹಿಂದಿನವರೇ ಮುಂದಿದ್ದರೆಂದು ಹೇಳಬೇಕಾಗುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಈ ವ್ಯಾಧಿಗೆ ಔಷಧಗಳು ದೊರೆತುವು. ಆದರೆ ಆ ಔಷಧಗಳಿಗೂ ಬಗ್ಗದ ಖಿನ್ನತೆಯುಂಟು. ಎರಡು ಔಷಧಗಳನ್ನು ಒಂದಾದಮೇಲೊಂದರಂತೆ ತಕ್ಕ ಪ್ರಮಾಣದಲ್ಲಿ, ತಕ್ಕಷ್ಟು ಕಾಲ ಸೇವಿಸಿದರೂ ಗುಣ ತೋರದಿದ್ದರೆ, ವೈದ್ಯರು ಸಾಮಾನ್ಯವಾಗಿ ಅದನ್ನು ಚಿಕಿತ್ಸೆಗೆ ಮಣಿಯದ ಖಿನ್ನತೆಯೆಂದು ಕರೆಯುವರು. ಇಂತಹ ರೋಗಿಗಳಲ್ಲಿ ಹಲವರಿಗೆ ಕೆಲವೇ ಗಂಟೆಗಳಲ್ಲಿ ಉಪಶಮನ ಕೊಡಬಲ್ಲ ಔಷಧವೊಂದು ಬಹುಕಾಲದವರೆಗೆ ಶಸ್ತ್ರಚಿಕಿತ್ಸೆಯ ಕೊಠಡಿಗಳ ಕಪಾಟಿನಲ್ಲಿಯೇ ಇದ್ದಿತು. ಅದರ ಹೆಸರು ಕೆಟಮಿನ್. ಮನುಷ್ಯನಿಗೆ ಅದನ್ನು ಮೊದಲು ಕೊಟ್ಟುದು ೧೯೬೪ರಲ್ಲಿ. ಖಿನ್ನತೆಗೆ ಅದು ಮದ್ದಾಗಬಹುದೆಂಬ ವ್ಯವಸ್ಥಿತ ಪರೀಕ್ಷೆಯು ಮೊದಲು ಪ್ರಕಟವಾದುದು ೨೦೦೦ದಲ್ಲಿ. ನಡುವಣ ಮೂವತ್ತಾರು ವರ್ಷ ಅದು ಏಕೆ ಕಾಣಲಿಲ್ಲ, ಕಂಡಮೇಲೆ ಏನಾಯಿತು ಎಂಬುದನ್ನು ತಿಳಿಯಬೇಕಾದರೆ ಅದಕ್ಕೆ ಹಿಂದಿನ ಔಷಧಗಳ ವೃತ್ತಾಂತದಿಂದಲೇ ಆರಂಭಿಸಬೇಕು.

೨

೧೯೩೮ರಲ್ಲಿ ರೋಮ್ ನಗರದ ವೈದ್ಯರಾದ ಉಗೊ ಚೆರ್ಲೆತ್ತಿ ಮತ್ತು ಲೂಚಿಯೊ ಬೀನಿ ಎಂಬವರು, ರೋಗಿಯ ತಲೆಗೆ ಕ್ಷಣಕಾಲ ವಿದ್ಯುತ್ತನ್ನು ಹಾಯಿಸಿ ಸೆಳವು ಬರಿಸುವ ಚಿಕಿತ್ಸೆಯನ್ನು ಆರಂಭಿಸಿದರು. ಮೊದಮೊದಲು ಇದನ್ನು ಅರಿವಳಿಕೆಯಿಲ್ಲದೆ ಮಾಡುತ್ತಿದ್ದುದರಿಂದ ಅದರ ಹೆಸರೇ ಜನರಿಗೆ ಭಯವನ್ನುಂಟುಮಾಡಿತು. ತರುವಾಯ ಅರಿವಳಿಕೆಯನ್ನೂ ಸ್ನಾಯುಗಳನ್ನು ಸಡಿಲಿಸುವ ಮದ್ದನ್ನೂ ಕೊಟ್ಟು ಮಾಡುವ ಪದ್ಧತಿ ಬಂದಿತು. ಭಾರತದ ೨೦೧೭ರ ಮಾನಸಿಕ ಆರೋಗ್ಯ ಕಾಯಿದೆಯು ಇವೆರಡೂ ಇಲ್ಲದೆ ಈ ಚಿಕಿತ್ಸೆಯನ್ನು ನಡೆಸಕೂಡದೆಂದು ವಿಧಿಸಿದೆ. ಕಠಿನವಾದ ಖಿನ್ನತೆಗೆ ಇದು ಇಂದಿಗೂ ಅತ್ಯಂತ ಪ್ರಬಲವಾದ ಚಿಕಿತ್ಸೆಗಳಲ್ಲೊಂದು.

ನುಂಗುವ ಔಷಧಗಳ ಕಥೆಯು ಇದಕ್ಕಿಂತ ವಿಚಿತ್ರವಾದುದು. ೧೯೫೨ರಲ್ಲಿ ನ್ಯೂಯಾರ್ಕಿನ ಸ್ಟೇಟನ್ ದ್ವೀಪದಲ್ಲಿದ್ದ ಸೀ ವ್ಯೂ ಎಂಬ ಕ್ಷಯರೋಗದ ಆಸ್ಪತ್ರೆಯಲ್ಲಿ ಇಪ್ರೊನಿಯಾಜಿಡ್ ಎಂಬ ಹೊಸ ಔಷಧವನ್ನು ರೋಗಿಗಳಿಗೆ ಕೊಟ್ಟು ನೋಡಿದರು. ಔಷಧವನ್ನು ಕೊಟ್ಟುದು ಶ್ವಾಸಕೋಶದ ವ್ಯಾಧಿಗಾಗಿ. ಆದರೆ ಬಹುಕಾಲ ನಿಸ್ತೇಜರಾಗಿ ಮಲಗಿದ್ದ ರೋಗಿಗಳು ಉಲ್ಲಾಸಗೊಂಡು ಎದ್ದು ಓಡಾಡತೊಡಗಿದರು. ೧೯೫೭ರಲ್ಲಿ ನೇಥನ್ ಕ್ಲೈನ್ ಎಂಬ ಮನೋವೈದ್ಯರು ತಮ್ಮ ಸಂಗಡಿಗರೊಡನೆ ಅದೇ ಔಷಧವನ್ನು ಖಿನ್ನರಾದವರಿಗೆ ಪ್ರಯೋಗಿಸಿದ ವರದಿಯನ್ನು ಪ್ರಕಟಿಸಿದರು. ಯಕೃತ್ತಿಗೆ ಹಾನಿಮಾಡುತ್ತಿದ್ದುದರಿಂದ ಇಪ್ರೊನಿಯಾಜಿಡ್ ಬಹುಕಾಲ ಬಾಳಲಿಲ್ಲ. ಆದರೆ ಅದು ತೋರಿಸಿದ ದಾರಿ ಉಳಿಯಿತು.

ಏತನ್ಮಧ್ಯೆ ಸ್ವಿಟ್ಸರ್ಲೆಂಡಿನ ಮ್ಯೂನ್‌ಸ್ಟರ್‌ಲಿಂಗೆನ್ ಎಂಬಲ್ಲಿಯ ಆಸ್ಪತ್ರೆಯಲ್ಲಿ ರೋಲಂಡ್ ಕೂನ್ ಎಂಬ ವೈದ್ಯರಿದ್ದರು. ಬಾಸೆಲ್ ನಗರದ ಗೈಗಿ ಕಂಪೆನಿಯು, ಚಿತ್ತವಿಭ್ರಮೆಗೆ ಉಪಯೋಗವಾದೀತೆಂದು ಒಂದು ಔಷಧವನ್ನು ಪರೀಕ್ಷೆಗಾಗಿ ಅವರಿಗೆ ಕಳುಹಿಸಿದ್ದಿತು. ಆ ರೋಗಿಗಳಿಗೆ ಅದರಿಂದ ಏನೂ ಪ್ರಯೋಜನವಾಗಲಿಲ್ಲ. ಕೂನರು ಅದನ್ನು ಬದಿಗಿಡದೆ ೧೯೫೬ರಲ್ಲಿ ಖಿನ್ನರಾದವರಿಗೆ ಕೊಟ್ಟರು, ಅವರು ಚೇತರಿಸಿಕೊಂಡರು. ಇದೇ ಇಮಿಪ್ರಮಿನ್. ೧೯೫೭ರಲ್ಲಿ ಜೂರಿಕ್ ನಗರದ ಮನೋವೈದ್ಯರ ಮಹಾಸಭೆಯಲ್ಲಿ ಕೂನರು ಇದನ್ನು ನಿರೂಪಿಸಿದಾಗ ಕೇಳಲು ಬಂದವರು ಸುಮಾರು ಹನ್ನೆರಡು ಮಂದಿ.

ಈ ಎರಡು ವೃತ್ತಾಂತಗಳಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಯಾರೂ ಸಿದ್ಧಾಂತವನ್ನು ಮೊದಲು ಕಟ್ಟಿ ಅದರಿಂದ ಔಷಧವನ್ನು ಪಡೆಯಲಿಲ್ಲ. ಬೇರೆ ಉದ್ದೇಶಕ್ಕೆ ಕೊಟ್ಟ ಮದ್ದು ರೋಗಿಯ ಮುಖಭಾವವನ್ನು ಬದಲಾಯಿಸಿದುದನ್ನು ವೈದ್ಯರು ಕಣ್ಣಾರೆ ಕಂಡರು, ಕಂಡುದನ್ನು ಅಲಕ್ಷ್ಯಮಾಡಲಿಲ್ಲ. ನ್ಯಾಯಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಇಲ್ಲಿ ಪ್ರತ್ಯಕ್ಷವೇ ಮೊದಲ ಪ್ರಮಾಣ.

೩

ಪ್ರತ್ಯಕ್ಷದ ಬೆನ್ನಿಗೆ ಅನುಮಾನವು ಬರುವುದು ಸಹಜ. ಈ ಅನುಮಾನಕ್ಕೆ ಆಧಾರವಾದ ಒಂದು ಸಂಗತಿಯು ಭಾರತದ ಮೂಲಿಕೆಯೊಂದರಿಂದ ಹೊರಟಿತು. ನಮ್ಮ ದೇಶದ ವೈದ್ಯರು ಪುರಾತನಕಾಲದಿಂದಲೂ ಬಳಸುತ್ತ ಬಂದ ಸರ್ಪಗಂಧಿಯ ಬೇರಿಗೆ ರಕ್ತದ ಒತ್ತಡವನ್ನು ತಗ್ಗಿಸುವ ಶಕ್ತಿಯುಂಟೆಂದು ೧೯೩೧ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬವರು ವರದಿಮಾಡಿದರು. ೧೯೫೨ರಲ್ಲಿ ಸ್ವಿಟ್ಸರ್ಲೆಂಡಿನ ಸಿಬಾ ಕಂಪೆನಿಯ ರಸಾಯನಶಾಸ್ತ್ರಜ್ಞರು ಆ ಬೇರಿನಿಂದ ರೆಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು. ರಕ್ತದ ಒತ್ತಡಕ್ಕೆಂದು ಅದನ್ನು ಸೇವಿಸಿದವರಲ್ಲಿ ಕೆಲವರು ಖಿನ್ನರಾದರೆಂಬ ವರದಿಗಳು ಬಂದುವು. ಆ ವರದಿಗಳ ಬಲವೆಷ್ಟೆಂಬ ವಿಷಯದಲ್ಲಿ ಈಚೆಗೆ ವಿವಾದವುಂಟು. ಆದರೆ ಆ ಕಾಲದಲ್ಲಿ ಅವು ದೊಡ್ಡ ಪ್ರಭಾವವನ್ನು ಬೀರಿದುವು. ರೆಸರ್ಪಿನ್ ಮಿದುಳಿನಲ್ಲಿರುವ ಸೆರೊಟೋನಿನ್ ಮೊದಲಾದ ದ್ರವ್ಯಗಳನ್ನು ಬರಿದುಮಾಡುತ್ತದೆಂದೂ, ಇಪ್ರೊನಿಯಾಜಿಡ್ ಇಮಿಪ್ರಮಿನ್‌ಗಳು ಅಂಥವೇ ದ್ರವ್ಯಗಳ ಪ್ರಭಾವವನ್ನು ಹೆಚ್ಚಿಸುತ್ತವೆಂದೂ ಗೊತ್ತಾಯಿತು. ಈ ದ್ರವ್ಯಗಳ ಕೊರತೆಯೇ ಖಿನ್ನತೆಯ ಮೂಲವೆಂಬ ಸಿದ್ಧಾಂತವು ೧೯೬೦ರ ದಶಕದಲ್ಲಿ ನೆಲೆಗೊಂಡಿತು.

ಆ ಸಿದ್ಧಾಂತದಿಂದ ಪ್ರಯೋಜನವಾಗಲಿಲ್ಲವೆಂದು ಹೇಳಲಾಗದು. ಅದರ ಬೆಳಕಿನಲ್ಲಿ ಶೋಧಿಸಿದ ಫ್ಲೂಆಕ್ಸೆಟಿನ್ ಎಂಬ ಔಷಧಕ್ಕೆ ೧೯೮೭ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಈ ಬಗೆಯ ಔಷಧಗಳು ಲೋಕದಾದ್ಯಂತ ಅಸಂಖ್ಯಾತ ಜನರನ್ನು ಮೇಲೆತ್ತಿವೆ. ಹಳೆಯವುಗಳಿಗಿಂತ ಇವುಗಳ ಅಪಾಯವೂ ಕಡಿಮೆ. ಆದರೆ ಎರಡು ಕೊರತೆಗಳು ಉಳಿದುವು. ಮೊದಲನೆಯದು, ಇವುಗಳ ಗುಣವು ತೋರುವುದಕ್ಕೆ ವಾರಗಳು ಹಿಡಿಯುತ್ತವೆ. ಇಂದಿನ ರಾತ್ರಿಯನ್ನು ಕಳೆಯುವುದೇ ಅಸಾಧ್ಯವೆಂದು ಹೇಳುವ ರೋಗಿಗೆ ಒಂದು ತಿಂಗಳು ಕಾಯಬೇಕೆಂದು ಹೇಳುವುದು ಕ್ರೂರವಾದ ಮಾತಾಗುತ್ತದೆ. ಎರಡನೆಯದು, ಎಲ್ಲರಿಗೂ ಗುಣವಾಗುವುದಿಲ್ಲ. ಸುಮಾರು ೪,೦೦೦ ರೋಗಿಗಳನ್ನು ಸೇರಿಸಿಕೊಂಡು ಅಮೆರಿಕದಲ್ಲಿ ನಡೆದ ದೊಡ್ಡ ಅಧ್ಯಯನವೊಂದರ ಫಲಿತಾಂಶಗಳು ೨೦೦೬ರಲ್ಲಿ ಪ್ರಕಟವಾದುವು. ಮೊದಲನೆಯ ಔಷಧದಿಂದ ವ್ಯಾಧಿಯು ಪೂರ್ಣವಾಗಿ ಇಳಿದುದು ಸುಮಾರು ಮೂರರಲ್ಲಿ ಒಂದು ಪಾಲಿನವರಿಗೆ ಮಾತ್ರ. ಔಷಧಗಳನ್ನು ಬದಲಿಸುತ್ತ ಹೋದಂತೆ ಗುಣವಾಗುವ ಸಂಭವವು ಕುಗ್ಗುತ್ತ ಬಂದು, ನಾಲ್ಕನೆಯ ಹಂತದಲ್ಲಿ ಸುಮಾರು ನೂರಕ್ಕೆ ಹದಿಮೂರಕ್ಕೆ ಇಳಿಯಿತು.

ನ್ಯಾಯಶಾಸ್ತ್ರವು ಅನುಮಾನವನ್ನು ಪ್ರತ್ಯಕ್ಷಪೂರ್ವಕವಾದುದೆಂದು ಹೇಳುತ್ತದೆ. ಆದರೆ ಒಮ್ಮೆ ನೆಲೆಯೂರಿದ ಅನುಮಾನವು ಮುಂದಣ ಪ್ರತ್ಯಕ್ಷಕ್ಕೆ ತೆರೆಯಾಗುವುದೂ ಉಂಟು. ಸೆರೊಟೋನಿನ್ ಮೊದಲಾದವುಗಳಿಗೆ ಸಂಬಂಧಪಡದ ಔಷಧವು ಖಿನ್ನತೆಯನ್ನು ಇಳಿಸಬಲ್ಲುದೆಂದು ಹುಡುಕುವವರೇ ವಿರಳರಾದರು. ಕೆಟಮಿನ್ ಇಂತಹ ತೆರೆಯ ಹಿಂದೆ ಇದ್ದಿತು.

೪

ಕೆಟಮಿನ್ನಿನ ಪೂರ್ವಜ ಫೆನ್‌ಸೈಕ್ಲಿಡಿನ್ ಎಂಬ ದ್ರವ್ಯ. ಅಮೆರಿಕದ ಡೆಟ್ರಾಯಿಟ್ ನಗರದ ಪಾರ್ಕ್-ಡೇವಿಸ್ ಕಂಪೆನಿಯ ಪ್ರಯೋಗಶಾಲೆಯಲ್ಲಿ ವಿಕ್ಟರ್ ಮ್ಯಾಡಕ್ಸ್ ಎಂಬವರು ೧೯೫೬ರಲ್ಲಿ ಅದನ್ನು ಸಿದ್ಧಪಡಿಸಿದರು. ಅರಿವಳಿಕೆಯಾಗಿ ಅದಕ್ಕೆ ದೊಡ್ಡ ಗುಣವೊಂದಿದ್ದಿತು: ನೋವನ್ನು ಅಳಿಸಿದರೂ ಉಸಿರಾಟವನ್ನು ಅಷ್ಟಾಗಿ ಕುಗ್ಗಿಸುತ್ತಿರಲಿಲ್ಲ. ಆದರೆ ಶಸ್ತ್ರಚಿಕಿತ್ಸೆ ಮುಗಿದು ಎಚ್ಚರಗೊಂಡ ರೋಗಿಗಳಲ್ಲಿ ಕೆಲವರು ಬಹಳ ಹೊತ್ತು ಉನ್ಮತ್ತರಂತೆ ಬಡಬಡಿಸುತ್ತಿದ್ದರು. ಆದಕಾರಣ ಮನುಷ್ಯರಿಗೆ ಅದು ತಕ್ಕುದಲ್ಲವೆಂದು ಕೈಬಿಡಬೇಕಾಯಿತು.

ಇದೇ ಗುಣವಿದ್ದು, ಪ್ರಭಾವವು ಬೇಗ ಇಳಿಯುವಂತಹ ದ್ರವ್ಯವನ್ನು ಹುಡುಕುವ ಪ್ರಯತ್ನ ನಡೆಯಿತು. ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿ, ಕಂಪೆನಿಗೆ ಸಲಹೆಗಾರರೂ ಆಗಿದ್ದ ಕ್ಯಾಲ್ವಿನ್ ಸ್ಟೀವನ್ಸ್ ಎಂಬವರು ೧೯೬೨ರಲ್ಲಿ ಅಂತಹದೊಂದನ್ನು ತಯಾರಿಸಿದರು. ಅದಕ್ಕೆ ಸಿ.ಐ. ೫೮೧ ಎಂಬ ಸಂಕೇತವನ್ನಿಟ್ಟರು. ಅದರ ರಚನೆಯಲ್ಲಿ 'ಕೀಟೋನ್' ಮತ್ತು 'ಅಮೀನ್' ಎಂಬ ಎರಡು ಅಂಗಗಳಿರುವುದರಿಂದ ಕೆಟಮಿನ್ ಎಂಬ ಹೆಸರು ಬಂದಿತು.

೧೯೬೪ರಲ್ಲಿ ಮಿಚಿಗನ್ ವಿಶ್ವವಿದ್ಯಾಲಯದ ಎಡ್ವರ್ಡ್ ಡೊಮಿನೊ ಮತ್ತು ಗುಂಟರ್ ಕಾರ್ಸನ್ ಎಂಬ ವೈದ್ಯರು ಅದನ್ನು ಮೊದಲ ಬಾರಿಗೆ ಮನುಷ್ಯರಿಗೆ ಕೊಟ್ಟರು. ಅದನ್ನು ತೆಗೆದುಕೊಂಡವರು ಮಿಚಿಗನ್ ಸಂಸ್ಥಾನದ ಸೆರೆಮನೆಯ ಬಂದಿಗಳು. ಅವರು ಒಪ್ಪಿಯೇ ಬಂದವರೆಂದು ಲೆಕ್ಕ. ಆದರೆ ಸೆರೆಯಲ್ಲಿರುವವನ ಒಪ್ಪಿಗೆಯು ಎಷ್ಟರಮಟ್ಟಿಗೆ ಸ್ವತಂತ್ರವಾದುದೆಂಬ ಪ್ರಶ್ನೆಯನ್ನು ತರುವಾಯದ ಕಾಲವು ಕೇಳದೆ ಬಿಡಲಿಲ್ಲ. ಈ ಔಷಧದಿಂದ ಮುಂದೆ ನೆಮ್ಮದಿ ಕಂಡವರೆಲ್ಲರೂ ಹೆಸರಿಲ್ಲದ ಆ ಬಂದಿಗಳಿಗೆ ಋಣಿಗಳು.

ಔಷಧವನ್ನು ಪಡೆದವರು ಕಣ್ಣು ತೆರೆದಿದ್ದರೂ ಸುತ್ತಣ ಲೋಕದಿಂದ ಬೇರ್ಪಟ್ಟಂತಿದ್ದರು. ಕೈಕಾಲುಗಳೇ ಇಲ್ಲವೆಂದೂ ಆಕಾಶದಲ್ಲಿ ತೇಲುತ್ತಿದ್ದೆವೆಂದೂ ಕೆಲವರು ಹೇಳಿದರು. ಈ ಸ್ಥಿತಿಗೆ ಯಾವ ಹೆಸರಿಡಬೇಕೆಂದು ಡೊಮಿನೊ ಅವರು ಮನೆಯಲ್ಲಿ ಪ್ರಸ್ತಾಪಿಸಿದಾಗ 'ವಿಯೋಜಕ ಅರಿವಳಿಕೆ' ಎಂಬರ್ಥದ ಹೆಸರನ್ನು ಸೂಚಿಸಿದವರು ಅವರ ಪತ್ನಿ. ಚಿತ್ತವಿಭ್ರಮೆಯನ್ನು ನೆನಪಿಗೆ ತರುವ ಹೆಸರು ಕಂಪೆನಿಗೆ ಬೇಕಿರಲಿಲ್ಲ. ಈ ಹೆಸರೇ ನಿಂತಿತು. ೧೯೭೦ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು ಕೆಟಮಿನ್ನಿಗೆ ಅನುಮತಿಯನ್ನಿತ್ತಿತು.

೫

ವಿಯೆಟ್ನಾಮ್ ಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ ಈ ಅರಿವಳಿಕೆಯು ವಿಶೇಷವಾಗಿ ಉಪಯೋಗಕ್ಕೆ ಬಂದಿತು. ಇದು ರಕ್ತದ ಒತ್ತಡವನ್ನು ತಗ್ಗಿಸುವುದಿಲ್ಲ. ದೊಡ್ಡ ಯಂತ್ರಗಳಿಲ್ಲದ ಕಡೆಯಲ್ಲಿಯೂ ಸೂಜಿಯ ಮೂಲಕ ಕೊಡಬಹುದು. ಆದುದರಿಂದಲೇ ಬಡದೇಶಗಳ ಸಣ್ಣ ಆಸ್ಪತ್ರೆಗಳಲ್ಲಿ ಇದು ಶಸ್ತ್ರವೈದ್ಯರ ಬಲಗೈಯಾಯಿತು. ವಿಶ್ವ ಆರೋಗ್ಯ ಸಂಸ್ಥೆಯು ೧೯೮೫ರಲ್ಲಿ ಇದನ್ನು ಅತ್ಯವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು.

ಹೀಗೆ ಲೋಕದಾದ್ಯಂತ ಅಗಣಿತ ರೋಗಿಗಳು ಕೆಟಮಿನ್ ಪಡೆದರು. ಅವರಲ್ಲಿ ಖಿನ್ನರಾದವರೂ ಇದ್ದಿರಲೇಬೇಕು. ಆದರೆ ಎಚ್ಚರಗೊಳ್ಳುವಾಗ ಕಾಣುವ ವಿಚಿತ್ರ ದೃಶ್ಯಗಳನ್ನು ಮಾತ್ರ ವೈದ್ಯರು ಬರೆದಿಟ್ಟುಕೊಂಡರು. ಅದೂ ನಿವಾರಿಸತಕ್ಕ ದೋಷವೆಂದು. ಶಸ್ತ್ರವೈದ್ಯನ ಪ್ರಶ್ನೆಯು ಗಾಯ ಮಾಯ್ದಿತೇ ಎಂಬುದು. ಮೂರು ದಿನಗಳ ಬಳಿಕ ಮನಸ್ಸು ಹೇಗಿದೆಯೆಂದು ಕೇಳುವುದು ಅವನ ಕರ್ತವ್ಯದಲ್ಲಿ ಸೇರಿರಲಿಲ್ಲ.

ಅಲ್ಲೊಂದು ಇಲ್ಲೊಂದು ಸೂಚನೆಗಳು ಬಾರದೆ ಇರಲಿಲ್ಲ. ೧೯೭೩ರಲ್ಲಿ ಇರಾನಿನ ಇಬ್ಬರು ವೈದ್ಯರು ಮನೋರೋಗಿಗಳಿಗೆ ಕೆಟಮಿನ್ ಕೊಟ್ಟ ವರದಿಯನ್ನು ಪ್ರಕಟಿಸಿದರು. ೧೯೭೫ರಲ್ಲಿ ಪ್ರಾಣಿಗಳ ಮೇಲೆ ನಡೆದ ಪ್ರಯೋಗವೊಂದರಲ್ಲಿ ಖಿನ್ನತೆಯ ಔಷಧಗಳನ್ನು ಹೋಲುವ ಗುಣವು ಅದರಲ್ಲಿ ಕಂಡುಬಂದಿತು. ಆಗಿನ ಸಿದ್ಧಾಂತದಲ್ಲಿ ಇವಕ್ಕೆ ಸ್ಥಾನವಿರಲಿಲ್ಲ. ಆದಕಾರಣ ಇವು ಗ್ರಂಥಾಲಯದ ಸಂಪುಟಗಳಲ್ಲಿಯೇ ಉಳಿದುವು.

೬

ತೆರೆ ಸರಿಯತೊಡಗಿದುದು ೧೯೮೩ರಲ್ಲಿ. ನರಕೋಶಗಳು ಒಂದಕ್ಕೊಂದು ಸಂದೇಶ ಕಳುಹಿಸಲು ಬಳಸುವ ದ್ರವ್ಯಗಳಲ್ಲಿ ಗ್ಲುಟಮೇಟ್ ಎಂಬುದು ಅತ್ಯಂತ ವ್ಯಾಪಕವಾದುದು. ಅದನ್ನು ಸ್ವೀಕರಿಸುವ ದ್ವಾರಗಳಲ್ಲಿ 'ಎನ್.ಎಮ್.ಡಿ.ಎ. ಗ್ರಾಹಕ' ಎಂಬುದೊಂದು ಬಗೆ. ಕೆಟಮಿನ್ ಈ ದ್ವಾರವನ್ನೇ ಮುಚ್ಚುತ್ತದೆಂದು ಇಂಗ್ಲೆಂಡಿನ ಡೇವಿಡ್ ಲಾಡ್ಜ್ ಮತ್ತು ಅವರ ಸಂಗಡಿಗರು ತೋರಿಸಿಕೊಟ್ಟರು. ೧೯೯೦ರಲ್ಲಿ ಅಮೆರಿಕದ ಟ್ರುಲಾಸ್ ಮತ್ತು ಸ್ಕಾಲ್ನಿಕ್ ಎಂಬವರು, ಈ ದ್ವಾರವನ್ನು ಮುಚ್ಚುವ ದ್ರವ್ಯಗಳು ಇಲಿಗಳಲ್ಲಿ ಖಿನ್ನತೆಯ ಔಷಧಗಳಂತೆ ವರ್ತಿಸುತ್ತವೆಂದು ಪ್ರಕಟಿಸಿದರು.

ಇಷ್ಟರಲ್ಲಿ ಯೇಲ್ ವಿಶ್ವವಿದ್ಯಾಲಯದ ಜಾನ್ ಕ್ರಿಸ್ಟಲ್ ಅವರು ಚಿತ್ತವಿಭ್ರಮೆಯ ಸ್ವರೂಪವನ್ನು ಅರಿಯುವುದಕ್ಕಾಗಿ ಆರೋಗ್ಯವಂತರಿಗೆ ಸ್ವಲ್ಪ ಸ್ವಲ್ಪ ಕೆಟಮಿನ್ ಕೊಟ್ಟು ಪರೀಕ್ಷಿಸುತ್ತಿದ್ದರು. ಆ ಶೋಧನೆಯು ೧೯೯೪ರಲ್ಲಿ ಪ್ರಕಟವಾಯಿತು. ತರುವಾಯ ಅದೇ ತಂಡದವರು ಖಿನ್ನತೆಯುಳ್ಳವರಿಗೆ ಅದನ್ನು ಕೊಟ್ಟು ನೋಡಿದರು. ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ಅರ್ಧ ಮಿಲಿಗ್ರಾಮಿನಂತೆ, ನಲವತ್ತು ನಿಮಿಷಗಳ ಕಾಲ ರಕ್ತನಾಳದ ಮೂಲಕ ಹನಿಹನಿಯಾಗಿ ಹಾಯಿಸಿದರು. ಅರಿವಳಿಕೆಗೆ ಒಮ್ಮೆಲೇ ಕೊಡುವ ಪ್ರಮಾಣಕ್ಕಿಂತ ಇದು ಬಹಳ ಕಡಿಮೆ. ಹೋಲಿಕೆಗಾಗಿ ಬೇರೊಂದು ದಿನ ಬರಿಯ ಲವಣಜಲವನ್ನು ಕೊಟ್ಟರು. ಪರೀಕ್ಷೆಯನ್ನು ಪೂರೈಸಿದವರು ಏಳೇ ಮಂದಿ. ಆದರೆ ಮೂರು ದಿನಗಳೊಳಗಾಗಿ ಅವರ ಖಿನ್ನತೆಯು ಗಮನಾರ್ಹವಾಗಿ ಇಳಿದಿದ್ದಿತು. ಈ ವರದಿಯು ೨೦೦೦ದಲ್ಲಿ ಪ್ರಕಟವಾಯಿತು. ಏಳು ಮಂದಿಯ ಸಾಕ್ಷ್ಯವನ್ನು ಲೋಕವು ತಟ್ಟನೆ ನಂಬಲಿಲ್ಲ. ನಂಬದಿದ್ದುದು ತಪ್ಪೆಂದೂ ಹೇಳಲಾಗದು.

ಆರು ವರ್ಷಗಳ ಬಳಿಕ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಕಾರ್ಲೋಸ್ ಜರಾತೆ ಮತ್ತು ಅವರ ಸಂಗಡಿಗರು ಇದೇ ಪ್ರಯೋಗವನ್ನು ಹದಿನೆಂಟು ರೋಗಿಗಳಲ್ಲಿ ನಡೆಸಿದರು. ಇವರೆಲ್ಲರೂ ಹಿಂದೆ ಔಷಧಗಳಿಗೆ ಮಣಿಯದಿದ್ದವರು. ಎರಡು ಗಂಟೆಗಳೊಳಗೆ ಸುಧಾರಣೆ ತೋರಿತು. ಒಂದು ದಿನದ ಬಳಿಕ ನೋಡಿದಾಗ ಕೆಟಮಿನ್ ಪಡೆದವರಲ್ಲಿ ನೂರಕ್ಕೆ ಎಪ್ಪತ್ತೊಂದು ಮಂದಿಗೆ ವ್ಯಾಧಿಯು ಅರ್ಧಕ್ಕಿಂತಲೂ ಕೆಳಗಿಳಿದಿದ್ದಿತು; ನೂರಕ್ಕೆ ಇಪ್ಪತ್ತೊಂಬತ್ತು ಮಂದಿಗೆ ಹೆಚ್ಚುಕಡಿಮೆ ಪೂರ್ಣವಾಗಿ ಬಿಟ್ಟಿದ್ದಿತು. ವಾರವೊಂದು ಕಳೆದರೂ ಆ ಗುಣವನ್ನು ಉಳಿಸಿಕೊಂಡವರು ನೂರಕ್ಕೆ ಮೂವತ್ತೈದು. ೨೦೧೩ರಲ್ಲಿ ಎಪ್ಪತ್ತಮೂರು ರೋಗಿಗಳಲ್ಲಿ ನಡೆಸಿದ ಮತ್ತೊಂದು ಪರೀಕ್ಷೆಯು ಪ್ರಕಟವಾಯಿತು. ಅದರಲ್ಲಿ ಲವಣಜಲಕ್ಕೆ ಬದಲಾಗಿ ಮಂಪರು ತರುವ ಮಿಡಜೋಲಾಮ್ ಎಂಬ ಮದ್ದನ್ನು ಹೋಲಿಕೆಗೆ ಬಳಸಿದರು. ಒಂದು ದಿನದ ಬಳಿಕ ಗುಣ ಕಂಡವರು ಕೆಟಮಿನ್ನಿನಲ್ಲಿ ನೂರಕ್ಕೆ ಅರವತ್ತನಾಲ್ಕು, ಮಿಡಜೋಲಾಮಿನಲ್ಲಿ ಇಪ್ಪತ್ತೆಂಟು.

ಇದರಲ್ಲಿ ಒಂದು ಒಗಟು ಉಂಟು. ಕೆಟಮಿನ್ನಿನ ಬಹುಭಾಗವು ಕೆಲವು ಗಂಟೆಗಳಲ್ಲಿಯೇ ದೇಹದಿಂದ ಹೊರಟುಹೋಗುತ್ತದೆ. ಗುಣವಾದರೋ ದಿನಗಟ್ಟಲೆ ನಿಲ್ಲುತ್ತದೆ. ಹೋದ ಅತಿಥಿಯು ಮನೆಯಲ್ಲಿ ಏನನ್ನು ಬಿಟ್ಟುಹೋದನು? ೨೦೧೦ರಲ್ಲಿ ಯೇಲ್ ವಿಶ್ವವಿದ್ಯಾಲಯದ ರೊನಾಲ್ಡ್ ಡುಮಾನ್ ಮತ್ತು ಅವರ ಸಂಗಡಿಗರು ಇಲಿಗಳಲ್ಲಿ ಕಂಡ ಉತ್ತರವಿದು: ಕೆಟಮಿನ್ ಪಡೆದ ಮಿದುಳಿನ ಮುಂಭಾಗದಲ್ಲಿ ನರಕೋಶಗಳ ನಡುವಣ ಸಂಧಿಗಳು ಹೊಸದಾಗಿ ಬೆಳೆಯುತ್ತವೆ. ದೀರ್ಘಕಾಲದ ಕ್ಲೇಶದಿಂದ ಈ ಸಂಧಿಗಳು ಕ್ಷೀಣಿಸುತ್ತವೆಂದು ಮೊದಲೇ ತಿಳಿದಿದ್ದಿತು. ಮಳೆಯು ನಿಂತುಹೋದರೂ ಚಿಗುರು ಉಳಿದಂತೆ ಇದು ತೋರುತ್ತದೆ. ಮನುಷ್ಯನಲ್ಲಿಯೂ ಇದೇ ಪೂರ್ಣ ಕಾರಣವೇ ಎಂಬ ವಿಚಾರವು ಪಂಡಿತರಲ್ಲಿ ಇನ್ನೂ ತೀರ್ಮಾನವಾಗಿಲ್ಲ.

೭

ಕೆಟಮಿನ್ ಹಳೆಯ ಔಷಧವಾದುದರಿಂದ ಅದರ ಮೇಲೆ ಯಾವ ಕಂಪೆನಿಗೂ ಏಕಸ್ವಾಮ್ಯವಿರಲಿಲ್ಲ. ಅಗ್ಗದ ಮದ್ದಿಗೆ ದೊಡ್ಡ ಪರೀಕ್ಷೆಗಳನ್ನು ನಡೆಸಲು ಹಣ ಹಾಕುವವರು ಯಾರು? ಅದರ ಅಣುಗಳಲ್ಲಿ ಎಡಗೈ ಬಲಗೈಗಳಂತೆ ಪರಸ್ಪರ ಪ್ರತಿಬಿಂಬವಾದ ಎರಡು ರೂಪಗಳುಂಟು. ಅವುಗಳಲ್ಲೊಂದನ್ನು ಬೇರ್ಪಡಿಸಿದ ಎಸ್‌ಕೆಟಮಿನ್ ಎಂಬುದನ್ನು ಮೂಗಿಗೆ ಸಿಂಪಡಿಸುವ ರೂಪದಲ್ಲಿ ಜಾನ್ಸೆನ್ ಕಂಪೆನಿಯು ಪರೀಕ್ಷೆಗೆ ಒಳಪಡಿಸಿತು. ೨೦೧೯ರ ಮಾರ್ಚ್ ತಿಂಗಳಿನಲ್ಲಿ, ಚಿಕಿತ್ಸೆಗೆ ಮಣಿಯದ ಖಿನ್ನತೆಗಾಗಿ, ನುಂಗುವ ಔಷಧವೊಂದರ ಜೊತೆಗೆ ಕೊಡತಕ್ಕುದೆಂದು ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆಯಿತು. ರೋಗಿಯು ಅದನ್ನು ಮನೆಗೆ ಒಯ್ಯುವಂತಿಲ್ಲ. ಚಿಕಿತ್ಸಾಲಯದಲ್ಲಿಯೇ ತೆಗೆದುಕೊಂಡು ಕನಿಷ್ಠ ಎರಡು ಗಂಟೆಗಳ ಕಾಲ ವೈದ್ಯರ ಕಣ್ಣಳತೆಯಲ್ಲಿ ಇರಬೇಕು. ೨೦೨೫ರಲ್ಲಿ ಬೇರೆ ಔಷಧದ ಜೊತೆಯಿಲ್ಲದೆಯೂ ಕೊಡಬಹುದೆಂದು ಅನುಮತಿ ವಿಸ್ತಾರವಾಯಿತು. ಇಂಗ್ಲೆಂಡಿನಲ್ಲಿ ಸರ್ಕಾರಿ ಚಿಕಿತ್ಸೆಗೆ ಸಲಹೆ ಕೊಡುವ ಸಂಸ್ಥೆಯು ೨೦೨೨ರಲ್ಲಿ ಇದನ್ನು ಶಿಫಾರಸುಮಾಡಲಿಲ್ಲ. ಫಲಕ್ಕೂ ವೆಚ್ಚಕ್ಕೂ ಇರುವ ಸಂಬಂಧವು ಸ್ಪಷ್ಟವಾಗಿಲ್ಲವೆಂಬುದು ಅದರ ಆಕ್ಷೇಪ.

ಈ ಔಷಧದ ಮಿತಿಗಳನ್ನು ಹೇಳದಿದ್ದರೆ ಚರಿತ್ರೆಯು ಸ್ತೋತ್ರವಾದೀತು. ಬೇಗ ಬಂದ ಗುಣವು ಬೇಗ ಹೋಗುವುದೂ ಉಂಟು. ಆದುದರಿಂದ ಮತ್ತೆ ಮತ್ತೆ ಕೊಡಬೇಕಾಗುತ್ತದೆ. ಮತ್ತೆ ಮತ್ತೆ ಕೊಟ್ಟರೆ ವರ್ಷಗಳ ಬಳಿಕ ಏನಾಗುವುದೆಂಬ ಅನುಭವವು ಇನ್ನೂ ಸಾಲದು. ಕೊಡುವ ಹೊತ್ತಿನಲ್ಲಿ ರಕ್ತದ ಒತ್ತಡವು ಏರುತ್ತದೆ. ತೆಗೆದುಕೊಂಡವನಿಗೆ ತೇಲಿದಂತೆ ಅನುಭವವಾಗುವುದರಿಂದ ತನಗೆ ಸಿಕ್ಕಿದುದು ಯಾವ ಮದ್ದೆಂದು ಅವನು ಊಹಿಸಬಲ್ಲನು. ಗುಣದಲ್ಲಿ ಔಷಧದ ಪಾಲೆಷ್ಟು, ನಂಬಿಕೆಯ ಪಾಲೆಷ್ಟು ಎಂದು ವಿಂಗಡಿಸುವುದು ಕಷ್ಟವಾಗುತ್ತದೆ. ೨೦೨೩ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು, ಬೇರೆ ಶಸ್ತ್ರಚಿಕಿತ್ಸೆಗಾಗಿ ಪ್ರಜ್ಞೆ ತಪ್ಪಿಸಿದ್ದ ನಲವತ್ತು ಮಂದಿ ಖಿನ್ನರೋಗಿಗಳಲ್ಲಿ ಅರ್ಧ ಮಂದಿಗೆ ಕೆಟಮಿನ್ನನ್ನೂ ಉಳಿದವರಿಗೆ ಲವಣಜಲವನ್ನೂ ಕೊಟ್ಟರು. ಎರಡು ಗುಂಪಿನವರೂ ಸುಧಾರಿಸಿದರು. ಗುಂಪುಗಳ ನಡುವೆ ಗಣನೀಯವಾದ ಭೇದವು ಕಾಣಲಿಲ್ಲ. ಈ ಪರೀಕ್ಷೆಯು ಚಿಕ್ಕದಾದರೂ ಉತ್ಸಾಹಿಗಳಿಗೆ ಅಂಕುಶವಾಗಿ ನಿಂತಿದೆ.

ಹಳೆಯ ವಿದ್ಯುತ್ ಚಿಕಿತ್ಸೆಯೊಡನೆ ಹೋಲಿಸಿದ ಪರೀಕ್ಷೆಗಳೂ ಒಂದೇ ಮಾತನ್ನು ಹೇಳಲಿಲ್ಲ. ೨೦೨೨ರಲ್ಲಿ ಪ್ರಕಟವಾದ ಸ್ವೀಡನ್ನಿನ ಪರೀಕ್ಷೆಯಲ್ಲಿ ವಿದ್ಯುತ್ ಚಿಕಿತ್ಸೆಯಿಂದ ನೂರಕ್ಕೆ ಅರವತ್ತಮೂರು ಮಂದಿಯೂ ಕೆಟಮಿನ್ನಿನಿಂದ ನಲವತ್ತಾರು ಮಂದಿಯೂ ವ್ಯಾಧಿಯಿಂದ ಬಿಡುಗಡೆ ಹೊಂದಿದರು. ೨೦೨೩ರಲ್ಲಿ ಅಮಿತ್ ಆನಂದ್ ಮತ್ತು ಅವರ ಸಂಗಡಿಗರು ಅಮೆರಿಕದಲ್ಲಿ, ಚಿತ್ತವಿಭ್ರಮೆಯ ಲಕ್ಷಣಗಳಿಲ್ಲದ ರೋಗಿಗಳಲ್ಲಿ ನಡೆಸಿದ ಪರೀಕ್ಷೆಯು ಕೆಟಮಿನ್ ಹಿಂದುಳಿಯಲಿಲ್ಲವೆಂದು ತೋರಿಸಿತು: ಗುಣ ಕಂಡವರು ಕೆಟಮಿನ್ನಿನಲ್ಲಿ ನೂರಕ್ಕೆ ಐವತ್ತೈದು, ವಿದ್ಯುತ್ ಚಿಕಿತ್ಸೆಯಲ್ಲಿ ನಲವತ್ತೊಂದು. ಯಾವ ರೋಗಿಗೆ ಯಾವುದು ಎಂಬುದನ್ನು ತಜ್ಞನೇ ನಿಶ್ಚಯಿಸಬೇಕು.

ಎಲ್ಲಕ್ಕಿಂತ ಭಯಂಕರವಾದುದು ದುರುಪಯೋಗ. ಯುಕ್ತಿಯಿಂದ ಬಳಸಿದರೆ ತೀಕ್ಷ್ಣವಾದ ವಿಷವೂ ಔಷಧವಾಗುವುದೆಂದೂ, ಯುಕ್ತಿ ತಪ್ಪಿದರೆ ಔಷಧವೂ ವಿಷವಾಗುವುದೆಂದೂ ಆಯುರ್ವೇದದ ಮತ. ಕೆಟಮಿನ್ನನ್ನು ಅಮಲಿಗಾಗಿ ನಿತ್ಯವೂ ಸೇವಿಸುವವರ ಮೂತ್ರಕೋಶವು ಕುಗ್ಗಿ ಹುಣ್ಣಾಗುವುದನ್ನು ೨೦೦೭ರಿಂದೀಚೆಗೆ ಹಾಂಗ್‌ಕಾಂಗ್ ಮೊದಲಾದ ಕಡೆಗಳ ವೈದ್ಯರು ವರ್ಣಿಸಿದ್ದಾರೆ. ೨೦೨೩ರ ಅಕ್ಟೋಬರಿನಲ್ಲಿ ಅಮೆರಿಕದ ನಟ ಮ್ಯಾಥ್ಯೂ ಪೆರಿಯವರು ಮೃತರಾದಾಗ, ಕೆಟಮಿನ್ನಿನ ತೀವ್ರ ಪರಿಣಾಮವೇ ಮುಖ್ಯ ಕಾರಣವೆಂದು ಮರಣಪರೀಕ್ಷೆಯು ತಿಳಿಸಿತು. ಅವರು ಖಿನ್ನತೆಗಾಗಿ ಚಿಕಿತ್ಸಾಲಯದಲ್ಲಿ ಕೆಟಮಿನ್ ಪಡೆಯುತ್ತಿದ್ದುದು ನಿಜ. ಆದರೆ ಪ್ರಾಣವನ್ನು ತೆಗೆದುದು ಆ ಚಿಕಿತ್ಸೆಯ ಹೊರಗೆ ದೊರೆತ ಮದ್ದು.

೮

ಭಾರತದಲ್ಲಿ ೨೦೧೧ರಲ್ಲಿ ಕೆಟಮಿನ್ನನ್ನು ಮಾದಕದ್ರವ್ಯಗಳ ಕಾಯಿದೆಯ ಅಂಕೆಗೆ ಒಳಪಡಿಸಿದರು. ೨೦೧೫ರಲ್ಲಿ ಚೀನಾ ದೇಶವು ಅಂತಾರಾಷ್ಟ್ರೀಯ ನಿರ್ಬಂಧವನ್ನು ಕೋರಿದಾಗ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಒಪ್ಪಲಿಲ್ಲ. ನಿರ್ಬಂಧ ಬಂದರೆ ಬೇರೆ ಅರಿವಳಿಕೆ ದೊರೆಯದ ಬಡದೇಶಗಳಲ್ಲಿ ಶಸ್ತ್ರಚಿಕಿತ್ಸೆಯೇ ನಿಂತುಹೋದೀತೆಂಬುದು ಅವರ ಆತಂಕ. ಒಂದೇ ಮದ್ದು ಒಬ್ಬನಿಗೆ ಅಮಲು, ಮತ್ತೊಬ್ಬಳಿಗೆ ಹೆರಿಗೆಯ ಶಸ್ತ್ರಕ್ರಿಯೆಯಲ್ಲಿ ಪ್ರಾಣರಕ್ಷಣೆ, ಇನ್ನೊಬ್ಬನಿಗೆ ವಿಷಾದದಿಂದ ಬಿಡುಗಡೆ. ಕಾನೂನು ಈ ಮೂವರನ್ನೂ ನೆನಪಿನಲ್ಲಿ ಇಟ್ಟುಕೊಳ್ಳಬೇಕಾಗಿದೆ.

ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ಜನರು ನಿಮ್ಹಾನ್ಸ್ ಎಂದು ಕರೆಯುವ ಸಂಸ್ಥೆಯು, ಮೈಸೂರು ಸಂಸ್ಥಾನದ ಮನೋರೋಗಗಳ ಆಸ್ಪತ್ರೆಯಿಂದ ಬೆಳೆದುಬಂದುದು. ಅಲ್ಲಿನ ಪ್ರಾಧ್ಯಾಪಕರಾಗಿದ್ದ ಚಿತ್ತರಂಜನ್ ಆಂಡ್ರೇಡ್ ಅವರು ೨೦೧೭ರಲ್ಲಿ ಖಿನ್ನತೆಗೆ ಕೆಟಮಿನ್ನಿನ ಪ್ರಯೋಗ, ಪ್ರಮಾಣ, ಅಪಾಯಗಳನ್ನು ವಿಮರ್ಶಿಸಿ ಸಾಲು ಲೇಖನಗಳನ್ನು ಅಂತಾರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಬರೆದರು. ಇದೇ ಸಂಸ್ಥೆಯ ಮುಂದಾಳುತನದಲ್ಲಿ ೨೦೧೫-೧೬ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಇಪ್ಪತ್ತರಲ್ಲಿ ಒಬ್ಬರು ಖಿನ್ನತೆಗೆ ಗುರಿಯಾದವರು. ಇಂತಹ ಸಾಮಾನ್ಯ ಮನೋವ್ಯಾಧಿಗಳುಳ್ಳವರಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಂದಿಗೆ ಯಾವ ಚಿಕಿತ್ಸೆಯೂ ದೊರೆತಿರಲಿಲ್ಲ. ಆದುದರಿಂದ ಬಹುಮಂದಿಯ ಕಷ್ಟವು ಮೊದಲನೆಯ ಮದ್ದಿಗೆ ಮಣಿಯದುದಲ್ಲ, ಮೊದಲನೆಯ ಮದ್ದೇ ಅವರ ಮನೆಯನ್ನು ಮುಟ್ಟದಿರುವುದು. ೨೦೨೨ರ ಅಕ್ಟೋಬರಿನಲ್ಲಿ ಸರ್ಕಾರವು ಆರಂಭಿಸಿದ 'ಟೆಲಿ ಮಾನಸ್' ಎಂಬ ಸೇವೆಯಲ್ಲಿ ೧೪೪೧೬ ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ.

'ಚಿಕಿತ್ಸೆಗೆ ಮಣಿಯದ' ಎಂಬ ವಿಶೇಷಣವನ್ನು ಕೇಳಿದವರಿಗೆ ರೋಗಿಯೇ ಹಠಹಿಡಿದಿರುವನೆಂಬ ಭ್ರಮೆ ಹುಟ್ಟುವುದು ಸುಲಭ. ಹತ್ತು ಬಗೆಯ ಮಾತ್ರೆಗಳನ್ನು ನುಂಗಿಯೂ ಏಳಲಾರದವನನ್ನು ಮನೆಯವರು ಬೇಸರದಿಂದ ನೋಡತೊಡಗುತ್ತಾರೆ. ಅವನೂ ತನ್ನನ್ನೇ ಅಪರಾಧಿಯೆಂದು ತಿಳಿಯುತ್ತಾನೆ. ಕೆಟಮಿನ್ನಿನ ಚರಿತ್ರೆಯು ಈ ಭ್ರಮೆಯನ್ನು ಖಂಡಿಸುತ್ತದೆ. ಮೂವತ್ತಾರು ವರ್ಷ ಕೊರತೆಯಿದ್ದುದು ರೋಗಿಗಳ ಮನೋಬಲದಲ್ಲಿ ಅಲ್ಲ, ನೋಡುವವರ ದೃಷ್ಟಿಯಲ್ಲಿ. ಅವರ ವ್ಯಾಧಿಯು ಬೇರೊಂದು ದ್ವಾರದ ಹಿಂದೆ ಇದ್ದಿತು. ಆ ದ್ವಾರವನ್ನು ಯಾರೂ ತಟ್ಟಿರಲಿಲ್ಲ. ಈಗ ಕೆಟಮಿನ್ನಿಗೂ ಮಣಿಯದವರು ಹಲವರಿದ್ದಾರೆ. ಅವರ ವಿಷಯದಲ್ಲಿಯೂ ಇದೇ ಮಾತು ನಿಲ್ಲುತ್ತದೆ: ಸೋತುದು ಮದ್ದು, ಮನುಷ್ಯನಲ್ಲ. ಅವರಿಗೆ ತಕ್ಕ ಮದ್ದು ದೊರೆಯುವವರೆಗೆ ವೈದ್ಯನು ಹುಡುಕುವುದನ್ನು ಬಿಡಬಾರದು, ಮನೆಯವರು ಪಕ್ಕದಲ್ಲಿ ಕುಳಿತು ಕೇಳುವುದನ್ನು ಬಿಡಬಾರದು.